ಕಾಶವ್ವನ ಪಾಲಿನ ಅರಿವೆ

ಚರ್ಮಕ್ಕೆ ಕ್ರಿಮಿ ಹತ್ತಿ ಎಲ್ಲರಿಗೂ ಮೈ ಉರಿಯುತ್ತಿದ್ದ ಆ ಕಾಲದಲ್ಲಿ, ಅದನ್ನು ಕೊಲ್ಲುವ ಬೆಳ್ಳಿ ನೂಲಿನ ಅರಿವೆ ವರ್ಷಕ್ಕೊಮ್ಮೆ ತಲೆಗೊಂದು ಅಂಗಿಯಷ್ಟೇ ಸಿಗುತ್ತಿತ್ತು. ಬನಹಟ್ಟಿಯ ಕಾಶವ್ವನ ಅಂಗಿಯನ್ನು ಅಕ್ಕ ನೀಲವ್ವನೇ ಹೊಲಿದಿದ್ದಳು. ಅದನ್ನು ತೊಟ್ಟರೂ ಅವಳ ಮೈತುಂಬ ಗಾಯಗಳಾಗಿ ಕೀವುಗಟ್ಟಿದವು. ಅಂಗಿಯನ್ನು ಪರೀಕ್ಷೆ ಮಾಡಿಸಿದರೆ ಅದು ಬರೀ ಹತ್ತಿ.

ಕಾಶವ್ವ ಹೋಗಿ ಅಂಗಿಯನ್ನು ಅಕ್ಕನ ಮುಂದಿಟ್ಟಳು.

"ನಿನ್ನ ಪಾಲಿನ ಅರಿವಿ ಸುಗಂಧಾನ ಅಂಗಿಗೆ ಎರಡನೇ ಪದರ ಹಾಕೀನಿ," ಎಂದಳು ನೀಲವ್ವ, ತಲೆ ಎತ್ತದೆ. "ನನ್ನ ಮಗಳ ಲಗ್ನ ಆಗಬೇಕಲ್ಲ. ನಿಂದು ಆಗಿಹೋಗೇತಿ."

"ಕೇಳಿದ್ರ ನಾನ ಕೊಡತಿದ್ನಲ್ಲ, ಅಕ್ಕಾ."

ಅಷ್ಟರಲ್ಲಿ ಏನೂ ತಿಳಿಯದ ಸುಗಂಧಾ ಒಳಗಿನಿಂದ ಬಂದು, "ಚಿಗವ್ವಾ!" ಎಂದು ತಬ್ಬಿಕೊಂಡಳು. ಅವಳ ಅಂಗಿ ತಾಗಿದಲ್ಲೆಲ್ಲ ಕಾಶವ್ವನ ಉರಿ ತಣ್ಣಗಾಯಿತು. ಬಿಡಿಸಿಕೊಳ್ಳಲು ಎತ್ತಿದ ಕೈ ಹುಡುಗಿಯ ಬೆನ್ನ ಮೇಲೆಯೇ ಉಳಿಯಿತು. ಕಣ್ಣು ಮಾತ್ರ ಅಕ್ಕನ ಮುಖ ಬಿಟ್ಟು ಕದಲಲಿಲ್ಲ.