ಸೈರನ್ನಿಗೊಂದು ಲಬನ್

ಮೂರನೇ ಸಲ ತಲೆ ಎಣಿಸಿದರೂ ಒಬ್ಬ ಕಡಿಮೆಯೇ. ಗಲ್ಫಿನ ಅಲ್ ಥುಮಾಮಾದ ಆ ಅರ್ಧ ಎದ್ದ ಕಟ್ಟಡದಿಂದ ಕಪ್ಪು ಹೊಗೆ ಬರುತ್ತಿತ್ತು; ಕೆಳಮಹಡಿಯ ಮೆಸ್ಸಿನ ನೀಲಕಂಠಪ್ಪ ಮಾತ್ರ ಎಲ್ಲರೂ ಸೇರಬೇಕಾದ ಬಯಲಿಗೆ ಬಂದಿರಲಿಲ್ಲ. ಸೇಫ್ಟಿ ಆಫೀಸರ್ ಶಿಹಾಬ್ ಹಲ್ಲು ಕಚ್ಚಿದ.

ಮೊದಲೆಲ್ಲ ಅಣಕು ಬೆಂಕಿಯ ಡ್ರಿಲ್ಲಿನ ಸೈರನ್ ಎಷ್ಟು ಬಡಿದುಕೊಂಡರೂ ಯಾರೂ ಕೂತಲ್ಲಿಂದ ಏಳುತ್ತಿರಲಿಲ್ಲ. ರೋಸಿಹೋದ ಶಿಹಾಬನಿಗೆ, ತರಬೇತಿಯಲ್ಲಿ ಕೇಳಿದ್ದ, ಗಂಟೆಯ ಸದ್ದಿಗೇ ಜೊಲ್ಲು ಸುರಿಸುವ ನಾಯಿಯ ಪಾಠ ನೆನಪಾಗಿತ್ತು. ಓಡಿಬಂದವರಿಗೆಲ್ಲ ತಣ್ಣನೆಯ ಲಬನ್ ಮಜ್ಜಿಗೆ ಕೊಡಿಸತೊಡಗಿದ. ಹಂಚುವ ಕೆಲಸ ನೀಲಕಂಠಪ್ಪನದು. ತಿಂಗಳೊಳಗೆ ಎರಡೇ ನಿಮಿಷಕ್ಕೆ ಬಯಲು ತುಂಬತೊಡಗಿತು. ಇವತ್ತು ನಿಜವಾದ ಬೆಂಕಿಗೂ ತುಂಬಿತ್ತು. ಹೊಗೆಯತ್ತ ತಿರುಗಿಯೂ ನೋಡದೆ ಎಲ್ಲರೂ ಲಬನ್ನಿಗೆ ಸಾಲುಗಟ್ಟಿದ್ದರು.

ಅಷ್ಟರಲ್ಲಿ ಹೊಗೆಯೊಳಗಿಂದ ನೀಲಕಂಠಪ್ಪ ಕೆಮ್ಮುತ್ತ ಬಂದ. ಹುಬ್ಬು ಸೀದುಹೋಗಿತ್ತು. ಲಬನ್ ಬಾಟಲಿಗಳ ಕ್ರೇಟನ್ನು ಎದೆಗೆ ಅವುಚಿಕೊಂಡಿದ್ದ.

"ಎಂತ ಮಾರಾಯ್ರೆ, ಬೆಂಕಿ ಬಿದ್ದದ್ದು ಗೊತ್ತಾದ ಕೂಡ್ಲೆ ಹೊರಗೆ ಬರ್ಲಿಕ್ಕೆ ಆಗುದಿಲ್ವಾ ನಿಮಗೆ?" ಶಿಹಾಬ್ ಹರಿಹಾಯ್ದ.

ನೀಲಕಂಠಪ್ಪ ಕ್ರೇಟನ್ನು ಅವನ ಕಾಲ ಬಳಿ ಇಳಿಸಿದ.

"ನಾ ಹೊರಗ ಇದ್ನಿರಿ ಸರ್. ಸೈರನ್ ಆತಲ್ರೀ, ಲಬನ್ ತರಾಕ ಒಳಗ ಹೋದ್ನಿ."