ಮೂವತ್ತಮೂರನೆಯ ಹೂವು

ಮೂವತ್ತಮೂರು. ಸತ್ಯವತಿ ಬೆರಳಿಟ್ಟು ಮತ್ತೆ ಎಣಿಸಿದರು. ಆಗಲೂ ಮೂವತ್ತಮೂರೇ. ಇಪ್ಪತ್ತು ವರ್ಷದಿಂದ ಆ ಶಾಲಿನ ಮೇಲೆ ಇದ್ದದ್ದು ಮೂವತ್ತೆರಡು ಹೂವು.

"ಆಶ್ರಿತಾ, ಇಲ್ಲಿ ಬಾ."

ಸೊಸೆ ಲ್ಯಾಪ್‌ಟಾಪ್ ಮುಚ್ಚಿ ಬಂದಳು. ಒನ್-ನಾರ್ತ್ ಟೆಕ್ ಪಾರ್ಕ್‌ನಲ್ಲಿ ಕೆಲಸ, ಇವತ್ತು ಮನೆಯಿಂದಲೇ. ಸೋಫಾದ ಮೇಲೆ ಹರಡಿದ್ದ ಶಾಲು ಕಂಡದ್ದೇ ಅವಳ ಹೆಜ್ಜೆ ನಿಧಾನವಾಯಿತು. ಅತ್ತೆಯ ಕಣ್ಣಿಗೆ ಅದು ತಪ್ಪಲಿಲ್ಲ.

ಶಾಲೆಂದರೆ ಅಂತಿಂಥ ಶಾಲಲ್ಲ. ಶ್ರೀನಗರ ಪ್ರವಾಸದಲ್ಲಿ, ದೋಣಿಮನೆಗೇ ಗಂಟು ಹೊತ್ತು ಬಂದ ವ್ಯಾಪಾರಿಯಿಂದ ಸತ್ಯವತಿ ಆರಿಸಿ ತಂದದ್ದು. ಒಬ್ಬನೇ ಕಸೂತಿಗಾರ ಎರಡು ವರ್ಷ ಕೂತು ಸೂಜಿಯಲ್ಲಿ ಹಾಕಿದ್ದು ಎಂದು ಅವನು ಆಣೆ ಮಾಡಿದ್ದ. ಅಂಚಿಗೆ ಚಿನಾರ್ ಎಲೆ, ಮಧ್ಯೆ ಐರಿಸ್ ಹೂವು. ಒಂದರ ಹಾಗೆ ಇನ್ನೊಂದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಿಂಬದಿಗೆ ರೇಷ್ಮೆ ಲೈನಿಂಗ್. ಸಿಂಗಪುರದ ಎಸಿ ಹಾಲ್‌ಗಳಲ್ಲಿ ಅದನ್ನು ಹೊದ್ದು, ಕೈಕೆಲಸ ಅಂದರೆ ಇದು ನೋಡಿ ಎಂದು ಸತ್ಯವತಿ ಬೀಗದ ಸಮಾರಂಭವೇ ಇಲ್ಲ. ಶನಿವಾರ ಮಗಳು ಧೃತಿಯ ಮದುವೆ. ಬೀಗರೆದುರು ಇದನ್ನೇ ಹೊದೆಯಬೇಕು.

ಈ ಹೊಸ ಹೂವೋ, ಎಸಳು ಸೊಟ್ಟ, ಕಾಂಡ ಓರೆ. ಖಾಲಿಯಿದ್ದ ಮೂಲೆಯಲ್ಲಿ ಕರೆಯದೆ ಬಂದು ಕೂತಿದೆ.

"ಯಾರು ಹಾಕಿದ್ದು ಇದನ್ನ?"

"ನಾನೇ." ಆಶ್ರಿತಾ ಮುಚ್ಚಿಡಲಿಲ್ಲ. "ಹುಳ ತಿಂದು ತೂತಾಗಿತ್ತು ಅತ್ತೆ. ಆ ಮೂಲೇಲಿ ಲೈನಿಂಗ್ ಬಿಚ್ಚಿ ಹಾಕಿದೆ. ವೀಕೆಂಡ್ ಕ್ಲಾಸ್‌ಗೆ ಹೋಗಿ ಕಲ್ತು ಮುಗಿಸೋಕೆ ಆರು ತಿಂಗಳು ಹಿಡೀತು."

ಸತ್ಯವತಿಗೆ ಮೈಯೆಲ್ಲ ಉರಿಯಿತು. ಒಂದು ಮಾತು ಕೇಳದೆ ಅಂಥ ಶಾಲಿಗೆ ಕೈ ಹಾಕುವುದೆಂದರೇನು? ಮೊದಲು ತಪ್ಪಾಯಿತು ಅನ್ನು ಎಂದರು.

"ಅನ್ನಲ್ಲ. ನನ್ನ ಹೂವಿನ ಬಗ್ಗೆ ನಂಗೇನೂ ನಾಚಿಕೆ ಇಲ್ಲ."

ಏನು ಸೊಕ್ಕು ಈ ಹುಡುಗಿಗೆ! ಇವತ್ತೇ ಅದನ್ನು ಕೀಳಿಸುತ್ತೇನೆ ಎಂದು ಸತ್ಯವತಿ ಶಾಲು ಮಡಿಸಿಕೊಂಡು ಹೊರಟೇಬಿಟ್ಟರು. ಆಶ್ರಿತಾ ಹಿಂದೆಯೇ ಓಡಿ ಎಂಆರ್‌ಟಿ ರೈಲು ಹತ್ತಿದಳು. ದಾರಿಯುದ್ದಕ್ಕೂ ಒಂದೇ ವರಾತ: ಹೂವು ಬೇಕಾದರೆ ಕೀಳಿಸಿ, ಮೇಲಿಂದಲೇ ಕತ್ತರಿಸಲಿ, ಲೈನಿಂಗ್ ಮಾತ್ರ ಪೂರ್ತಿ ಬಿಚ್ಚಿಸಬೇಡಿ. ಒಳಗೆ ಇನ್ನೇನು ಹಾಳು ಮಾಡಿಟ್ಟಿದ್ದಾಳೋ ಎಂದು ಸತ್ಯವತಿಯ ಅನುಮಾನ ಇನ್ನೂ ಬಲವಾಯಿತು.

ಅರಬ್ ಸ್ಟ್ರೀಟಿನ ಒಂದು ಪುಟ್ಟ ಅಂಗಡಿಯಲ್ಲಿ ಹರಿದ ಶಾಲುಗಳಿಗೆ ರಫು ಹಾಕುವ ಕಾಶ್ಮೀರಿ ಹಿರಿಯರೊಬ್ಬರಿದ್ದರು. ಸತ್ಯವತಿ ತಮ್ಮ ಹರಕು ಹಿಂದಿಯಲ್ಲೇ ಕಟ್ಟಪ್ಪಣೆ ಮಾಡಿದರು. ಲೈನಿಂಗ್ ಪೂರ್ತಿ ಬಿಚ್ಚಿ, ಹಿಂಬದಿ ನೋಡಿ. ಕೈಯಲ್ಲಿ ಹಾಕಿದ ಅಸಲಿ ಕೆಲಸ ಮಾತ್ರ ಉಳಿಯಬೇಕು. ನಕಲಿ ಒಂದೆಳೆಯೂ ಇರಕೂಡದು.

ಆಶ್ರಿತಾ ಶಾಲಿನ ಮೇಲೆ ಅಂಗೈ ಊರಿದಳು. ಅವಳ ಮುಖ ಬಾಡಿತ್ತು.

"ಬೇಡ ಅತ್ತೆ, ಪ್ಲೀಸ್. ತಪ್ಪಾಯ್ತು ಅಂತೀನಿ. ಎಲ್ಲರ ಮುಂದೆ ಬೇಕಾದ್ರೂ ಅಂತೀನಿ. ಮನೆಗೆ ಹೋಗೋಣ."

"ಈಗ ಬಂದ್ಯಾ ದಾರಿಗೆ?" ಸತ್ಯವತಿ ಅವಳ ಕೈ ಸರಿಸಿದರು. "ಬಿಚ್ಚಿ."

ಹಿರಿಯರು ಹೊಲಿಗೆ ಬಿಚ್ಚಿ, ಶಾಲನ್ನು ಮಗುಚಿ ಹಾಕಿ, ಭೂತಗನ್ನಡಿ ಹಿಡಿದು ಒಂದೊಂದೇ ಹೂವಿನ ಬೆನ್ನು ನೋಡುತ್ತಾ ಹೋದರು. ಮೂಲೆಯ ಹೂವಿನ ಹತ್ತಿರ ಬಹಳ ಹೊತ್ತು ನಿಂತರು. ಆಮೇಲೆ ಸತ್ಯವತಿಯ ಮುಖ ನೋಡಿ, ಆಶ್ರಿತಾಳ ಮುಖ ನೋಡಿ, ಕತ್ತರಿಯನ್ನು ಕೆಳಗಿಟ್ಟರು.

"ನೀವು ಹೇಳಿದ ಹಾಗೆ ಮಾಡಿದರೆ ಈ ಸೊಟ್ಟ ಹೂವೊಂದೇ ಉಳಿಯುತ್ತೆ ಮೇಡಂ. ಮಿಕ್ಕ ಮೂವತ್ತೆರಡೂ ಮಷೀನಿನವು."