ಸಂಜೆ ಐದರಿಂದ

ಹವಾಲ್ದಾರ್ ಬಡೇಸಾಬ್ ಶಾಮಿಯಾನದ ಮುಂದೆ ನಿಂತು, ಹಾಡು ನಿಲ್ಲಿಸಿ, ನಂಬರ್ ಒತ್ತಿದ್ದೇ ತಡ, ಪಕ್ಕದ ಮನೆಯ ಬಾಗಿಲ ಮರೆಯಲ್ಲಿದ್ದ ಭಾಗ್ಯಲಕ್ಷ್ಮಿಯ ಕೈಯೊಳಗೆ ಫೋನು ಬೆಳಗಿ ಗುರ್ರೆಂದು ನಡುಗಿತು. ಅವಳು ಅದನ್ನು ಸೆರಗಿನಡಿ ಒತ್ತಿ ಹಿಡಿದಳು. ರಿಂಗ್ ಬಂದ್ ಮಾಡಿಟ್ಟಿದ್ದು ಪುಣ್ಯ. ಆದರೆ ತೆಳು ಸೀರೆ, ಒಳಗಿನ ಬೆಳಕನ್ನು ಮುಚ್ಚಲಿಲ್ಲ.

"ಎತ್ತವಲ್ರು," ಎಂದ ಬಡೇಸಾಬ್. "ಕಂಪ್ಲೇಂಟ್ ಕೊಟ್ಟೋರು ಯಾರಪ್ಪ? ಒಂದ್ ಮಾತು ಕೇಳ್ಕೊಂಡು ಹೋಗ್ತೀನಿ."

"ಅದನ್ನ ನಾವೂ ಕೇಳಬೇಕ್ರಿ ಸಾಹೇಬ್ರೆ." ರಾಜ್ಯೋತ್ಸವ ಸಮಿತಿಯ ಕೊಟ್ಟೂರೇಶ ಕೊರಳಿನ ಹಳದಿ ಕೆಂಪು ಶಾಲು ಸರಿಮಾಡಿಕೊಂಡ. "ಕನ್ನಡದ ಹಾಡು ಹಚ್ಚಿದ್ರೆ ಹೊಟ್ಟಿ ಉರಿಯೋರು ನಮ್ಮ ಓಣಿಯಾಗ ಯಾರದಾರ ನೋಡೇಬಿಡ್ತೀವಿ. ನಮ್ಮದು ಪರ್ಮಿಷನ್ ಐತೆ. ನೋಡ್ರಿ, ಕಂಬಕ್ಕ ಹಚ್ಚೀವಿ."

ಕಂಬಕ್ಕೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅಂಟಿಸಿದ್ದ ಆ ಕಾಗದವನ್ನು ಇಡೀ ಓಣಿಯಲ್ಲಿ ಓದಿದ್ದು ಭಾಗ್ಯ ಒಬ್ಬಳೇ. ಏಳನೇ ತರಗತಿಗೆ ಶಾಲೆ ಬಿಟ್ಟವಳು. ನಿನ್ನೆ ನಳದ ನೀರಿಗೆ ಹೋಗುವಾಗ ಅರ್ಧ, ತುಂಬಿದ ಕೊಡ ಹೊತ್ತು ಬರುವಾಗ ಅರ್ಧ, ಹೀಗೆ ಅಕ್ಷರ ಕೂಡಿಸಿದ್ದಳು. ಮೂರನೇ ಸಾಲು: ಧ್ವನಿವರ್ಧಕ ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಮಾತ್ರ. ಇವರು ಬೆಳಿಗ್ಗೆ ಎಂಟಕ್ಕೇ ಶುರು ಮಾಡುತ್ತಿದ್ದರು. ಅವಳ ಗಂಡ ಚೌಡೇಶ ಹರಿಹರದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ದಾವಣಗೆರೆಯ ಈ ಮನೆ ಮುಟ್ಟುವುದೂ ಎಂಟಕ್ಕೇ.

ಮೂರು ದಿನದಿಂದ ಅವನ ಕಣ್ಣಿಗೆ ಕಣ್ಣು ಕೂಡಿರಲಿಲ್ಲ. ಇವತ್ತು ಬೆಳಿಗ್ಗೆ ಬಂದಾಗ ಬಲಗೈಯ ಎರಡು ಬೆರಳಿಗೆ ಪಟ್ಟಿ. "ಮಿಷಿನ್ ಮುಂದ ತೂಕಡಿಕಿ ಬಂತು. ಬರೇ ತೊಗಲು ಕಿತ್ತೈತೆ," ಎಂದು ನಕ್ಕಿದ್ದ. "ಯಾರಿಗೂ ಏನೂ ಅನ್ನಬ್ಯಾಡ. ಓಣಿಗೆ ನಾವು ಹೊಸಬ್ರು." ಅವಳು ಯಾರಿಗೂ ಏನೂ ಅನ್ನಲಿಲ್ಲ. ಬಚ್ಚಲಮನೆಗೆ ಹೋಗಿ ಅಗುಳಿ ಹಾಕಿಕೊಂಡು ಪೊಲೀಸರ ನಂಬರಿಗೆ ಪಿಸುಗುಟ್ಟಿದ್ದಳು, ಅಷ್ಟೇ. ಇಂದು ರಾತ್ರಿ ಅವನು ಮತ್ತೆ ಅದೇ ಮಿಷಿನ್ನಿನ ಮುಂದೆ ನಿಲ್ಲಬೇಕಿತ್ತು.

"ಇನ್ನೊಂದ್ಸಲ ಹಚ್ಚಿ ನೋಡ್ರಿ," ಎಂದ ಕೊಟ್ಟೂರೇಶ. "ಯಾರ ಮನಿಯಾಗ ರಿಂಗ್ ಆಗ್ತೈತೆ, ಕೇಳೇಬಿಡಾನ."

ಓಣಿಯೆಲ್ಲ ಕಿವಿಗೊಟ್ಟಿತು. ಸೆರಗಿನಡಿ ಮತ್ತೆ ಬೆಳಕು. ಎದುರು ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಗಿರಿಯಮ್ಮಜ್ಜಿ ತಲೆ ಎತ್ತಿದಳು. ಕಿವಿ ಹೋಗಿ ಹತ್ತು ವರ್ಷವಾಗಿದ್ದರೂ ಮುದುಕಿಯ ಕಣ್ಣು ಹದ್ದಿನದು. ಅವಳು ಸೆರಗನ್ನು ನೋಡಿದಳು, ಹವಾಲ್ದಾರನ ಕಿವಿಗಿದ್ದ ಫೋನನ್ನು ನೋಡಿದಳು. ಮೊರ ಪಕ್ಕಕ್ಕಿಟ್ಟು ಎದ್ದಳು.

"ಏ ಪೊಲೀಸಪ್ಪ, ನಾನೇ ಕಣೋ ಮಾಡಿದ್ದು."

ಕೊಟ್ಟೂರೇಶ ಹೊಟ್ಟೆ ಹಿಡಿದು ನಕ್ಕು ಅವಳ ಕಿವಿಯ ಹತ್ತಿರ ಕೂಗಿದ: "ಅಜ್ಜಿ, ಮಗ್ಗಲದಾಗ ಪಟಾಕಿ ಹೊಡೆದ್ರೂ ನಿನಗ ಕೇಳಂಗಿಲ್ಲ!"

"ಅದಕ್ಕೇ ಮಾಡಿದ್ದು. ನನಗೂ ಕೇಳಿಸ್ತಲ್ಲೋ! ಎದಿಯಾಗ ಧಡ್ ಧಡ್ ಅಂತೈತೆ. ಕಿವುಡಿ ಗತಿನೇ ಹಿಂಗಾದ್ರೆ ಕಿವಿ ಇದ್ದೋರ ಗತಿ ಏನು?"

"ಮತ್ತೆ ಫೋನ್ ಯಾಕ ಎತ್ತಲಿಲ್ಲ ಅಜ್ಜಿ?" ಬಡೇಸಾಬನೂ ಕೂಗಿದ.

"ಫೋನ್ ಕೇಳಂಗಿಲ್ಲಪ್ಪ. ಇವರ ಡಬ್ಬಿ ಕೇಳ್ತೈತೆ."

ಬಡೇಸಾಬ್ ಮೀಸೆಯಡಿ ನಕ್ಕ. ಕಂಬದ ಹತ್ತಿರ ಹೋಗಿ ಮೂರನೇ ಸಾಲಿನ ಮೇಲೆ ಬೆರಳಿಟ್ಟ. "ಐದರಿಂದ ಅಂತ ಬರೆದಾರಲ್ಲೋ. ಓದೀರೇನು?"

"ಸೀಲ್ ನೋಡಿದ್ವಿ ಸಾಹೇಬ್ರೆ," ಎಂದ ಕೊಟ್ಟೂರೇಶ, ದನಿ ಇಳಿಸಿ.

ಬಡೇಸಾಬ್ ಸ್ಪೀಕರಿನ ವೈರು ಬಿಚ್ಚಿಸಿ ಜೀಪು ಹತ್ತಿ ಹೋದ. ಓಣಿ ಎಷ್ಟು ಸುಮ್ಮನಾಯಿತೆಂದರೆ, ಸ್ವಲ್ಪ ಹೊತ್ತಿಗೆಲ್ಲ ಚೌಡೇಶನ ಗೊರಕೆ ಹೊಸಿಲು ದಾಟಿ ಭಾಗ್ಯಳ ಬೆನ್ನಿಗೆ ಬಂದು ಮುಟ್ಟಿತು. ಅವಳು ಬಾಗಿಲು ಅರ್ಧ ಎಳೆದು, ಓಣಿ ದಾಟಿ, ಅಜ್ಜಿಯ ಪಕ್ಕ ಕೂತು ಅವರೆಕಾಯಿಗೆ ಕೈ ಹಚ್ಚಿದಳು.

ಆಚೆ ಕೊಟ್ಟೂರೇಶ ವೈರು ಸುತ್ತುತ್ತಾ ಗೆಳೆಯರ ಮುಂದೆ ಗೊಣಗುತ್ತಿದ್ದ: "ಹಬ್ಬಾನೇ ಕೆಡಿಸಿತು ಮುದುಕಿ. ನಾಳೆ ಇವಳ ಮನಿ ಬಿಟ್ಟು ಸಿಹಿ ಹಂಚ್ರಿ. ಯಾರೂ ಮಾತಾಡಿಸಬ್ಯಾಡ್ರಿ." ಅಜ್ಜಿಗೆ ಒಂದೂ ಕೇಳಲಿಲ್ಲ. ಭಾಗ್ಯಳಿಗೆ ಒಂದೊಂದೂ ಕೇಳಿಸಿತು.

"ನೀವ್ಯಾಕ ಮೈಮ್ಯಾಲೆ ಹಾಕ್ಕೊಂಡ್ರಿ ಅಜ್ಜಿ?" ಎಂದಳು ಮೆಲ್ಲಗೆ.

ಅಜ್ಜಿ ಕಿವಿಗೆ ಅಂಗೈ ಹಿಡಿದಳು. "ಆಂ? ಜೋರಾಗಿ ಹೇಳವ್ವ."

ಭಾಗ್ಯ ಸುತ್ತ ನೋಡಿದಳು. ಅಜ್ಜಿಗೆ ಕೇಳುವಂತೆ ಏನು ಹೇಳಿದರೂ ಈಗ ಓಣಿಗೆಲ್ಲ ಕೇಳುತ್ತದೆ. ಮಡಿಲ ಸಿಪ್ಪೆ ಉದುರಿಸಿ ಎದ್ದು ನಿಂತಳು. ಮದುವೆಯಾಗಿ ಬಂದಮೇಲೆ ಅವಳ ಗಂಟಲಿನಿಂದ ಅಂಥ ದನಿ ಹೊರಟಿರಲಿಲ್ಲ.

"ಫೋನ್ ಮಾಡಿದ್ದು ನಾನಜ್ಜಿ! ನನ್ನ ಸಲುವಾಗಿ ನಿಮಗ್ಯಾಕ ಬೈಗಳ? ನಮ್ಮನಿಯವ್ರು ಮಲಗಿ ಮೂರು ದಿನ ಆತು. ಕೈ ಮಿಷಿನ್ನಿಗೆ ಸಿಕ್ಕೈತೆ. ಇವತ್ತು ರಾತ್ರಿನೂ ಪಾಳಿ ಐತೆ!"

ಕೊಟ್ಟೂರೇಶನ ಕೈಯಲ್ಲಿ ವೈರಿನ ಸುರುಳಿ ನಿಂತಿತು. ಅರ್ಧ ತೆರೆದ ಬಾಗಿಲಿನಿಂದ ಚಾಪೆಯ ತುದಿಯೂ ಅದರ ಮೇಲೆ ಬಿದ್ದಿದ್ದ ಪಟ್ಟಿ ಕಟ್ಟಿದ ಕೈಯೂ ಕಾಣುತ್ತಿದ್ದವು. ಅವನು ಅದನ್ನೇ ನೋಡುತ್ತಾ ನಿಂತ. ಆಮೇಲೆ ಚಪ್ಪಲಿ ಅಲ್ಲೇ ಬಿಟ್ಟು, ಹೆಜ್ಜೆಯ ಸಪ್ಪಳವಾಗದಂತೆ ಕಟ್ಟೆಯ ಹತ್ತಿರ ಬಂದು ತುಟಿಯ ಮೇಲೆ ಬೆರಳಿಟ್ಟ.

"ಅಕ್ಕ, ಮೆಲ್ಲಗೆ," ಎಂದ. "ಅಣ್ಣ ಎದ್ದಾನು."

ಗಿರಿಯಮ್ಮಜ್ಜಿ ಅವನ ಮುಖಕ್ಕೇ ಕಿವಿ ಚಾಚಿದಳು.

"ಏನಂತಾನವ್ವ ಇವ? ಮೂರು ದಿನ ಊರಿಗೆಲ್ಲ ಕೇಳಂಗ ಒದರಿದೋನಿಗೆ ಈಗ ದನಿ ಎಲ್ಲಿ ಹೋತು?"